ತಿರುಚಿನ ಜಾಡು ಹಿಡಿದು: ಲ್ಯೂ-500 ಎಂಬ ಹಳೆಯ ಕಡತ

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತನಗೆ ಬೇಕಾದ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ಕೆಲಸಕ್ಕೆ ಅದರಲ್ಲಿ ನಾಲ್ಕು ಜೀನುಗಳಿವೆ. ನಾಲ್ಕೂ ಒಂದೇ ಸಾಲಿನಲ್ಲಿದ್ದು, ಒಂದೇ ಕಡೆಯಿಂದ ಬರುವ ಆಜ್ಞೆಗೆ ಒಟ್ಟಿಗೆ ಓಗೊಡುತ್ತವೆ. ಈ ಸಾಲಿನ ಆರಂಭದಲ್ಲೇ ಆದ ಒಂದು ಮ್ಯುಟೇಶನ್ ನಾಲ್ಕನ್ನೂ ಒಮ್ಮೆಲೇ ಕೆಲಸದಿಂದ ನಿಲ್ಲಿಸಿಬಿಟ್ಟಿತ್ತು. ಅದಕ್ಕೆ ಇಟ್ಟ ಹೆಸರು ಲ್ಯೂ-500.

1963ರಲ್ಲಿ ಮುಕಾಯ್ ಮತ್ತು ಪಾಲ್ ಮಾರ್ಗೋಲಿನ್ ಅಮೆರಿಕದ ನ್ಯಾಷನಲ್ ಅಕಾಡೆಮಿಯ ಪತ್ರಿಕೆಯಲ್ಲಿ ಈ ಮ್ಯುಟೇಶನ್ ಬಗ್ಗೆ ಒಂದು ವಿಚಿತ್ರ ಸಂಗತಿ ವರದಿ ಮಾಡಿದರು. ಲ್ಯೂ-500 ಇರುವ ಬ್ಯಾಕ್ಟೀರಿಯಾ ಲ್ಯೂಸಿನ್ ಹಾಕದ ತಟ್ಟೆಯಲ್ಲಿ ಬೆಳೆಯಬಾರದು. ಆದರೂ ಅಲ್ಲೊಂದು ಇಲ್ಲೊಂದು ಕಾಲೊನಿ ಎದ್ದಿತು. ಪರೀಕ್ಷಿಸಿದರೆ ಲ್ಯೂ-500 ಇದ್ದಲ್ಲೇ ಇತ್ತು, ಸರಿಹೋಗಿರಲಿಲ್ಲ. ಬದಲಾವಣೆ ಆಗಿದ್ದು ಬಹು ದೂರದಲ್ಲಿ, ಟ್ರಿಪ್ಟೊಫ್ಯಾನ್ ಜೀನುಗಳ ಪಕ್ಕದಲ್ಲಿ. ಅಲ್ಲಿ ಡಿಎನ್‌ಎಯ ಒಂದು ತುಂಡು ಪೂರ್ತಿ ಕಳೆದುಹೋದರೂ ಲ್ಯೂ-500 ಮತ್ತೆ ಜೀವ ಪಡೆಯುತ್ತಿತ್ತು. ಆ ಜಾಗಕ್ಕೆ ಸಪ್-ಎಕ್ಸ್ ಎಂಬ ಹೆಸರು ಬಂತು. ಹೆಸರಿನಲ್ಲಿರುವ ಎಕ್ಸ್ ಅಕ್ಷರ ಎಷ್ಟೋ ವರ್ಷ ನಿಜಕ್ಕೂ ಅಜ್ಞಾತವಾಗಿಯೇ ಉಳಿಯಿತು.

ಡಿಎನ್‌ಎಯ ತಿರುಚು ಜೀನುಗಳನ್ನು ನಿಯಂತ್ರಿಸುತ್ತದೆ ಎಂಬ ಮಾತು ಇವತ್ತು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಸಾಲು ಯಾವ ಪ್ರಯೋಗಗಳ ಮೇಲೆ ನಿಂತಿದೆ ಎಂದು ತಿಳಿಯಬೇಕೆನಿಸಿ ನಾನು ಹಳೆಯ ಸಂಚಿಕೆಗಳನ್ನು ವರ್ಷದ ಕ್ರಮದಲ್ಲಿ ಓದುತ್ತ ಹೋದೆ. ಎಲ್ಲಿಂದ ಹೊರಟರೂ ದಾರಿ ಬಂದು ಸೇರಿದ್ದು ಲ್ಯೂ-500ಕ್ಕೇ. ಉತ್ತರದ ತುಣುಕುಗಳು ಮಾತ್ರ ಈ ಬ್ಯಾಕ್ಟೀರಿಯಾದ ಹೆಸರೇ ಬಾರದ ಲೇಖನಗಳಲ್ಲಿ ಚದುರಿಹೋಗಿದ್ದವು.

ವೈರಸ್ಸಿನ ಉಂಗುರ

ಮೊದಲ ತುಣುಕು ಸಿಗುವುದು ಕ್ಯಾಲ್‌ಟೆಕ್‌ನ ಜೆರೋಮ್ ವಿನೊಗ್ರಾಡ್ ಅವರ ಗುಂಪಿನ ಕೆಲಸದಲ್ಲಿ. ಇಲಿಗಳಲ್ಲಿ ಗೆಡ್ಡೆ ಬರಿಸುವ ಪಾಲಿಯೋಮಾ ವೈರಸ್ಸಿನ ಡಿಎನ್‌ಎ ಉಂಗುರದ ಆಕಾರದ್ದು, ಉದ್ದ ಸುಮಾರು ಐದು ಸಾವಿರ ಬೇಸ್ ಜೋಡಿಗಳು. ಅದನ್ನು ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಒಂದು ಭಾಗ ಬೇಗ ತಳಕ್ಕಿಳಿಯುತ್ತಿತ್ತು, ಇನ್ನೊಂದು ನಿಧಾನ. ಬೇಗ ಇಳಿಯುವ ಉಂಗುರದ ಒಂದೇ ಒಂದು ಎಳೆಯನ್ನು ಒಂದೇ ಒಂದು ಕಡೆ ಕಿಣ್ವದಿಂದ ಕತ್ತರಿಸಿದರೆ ಅದೂ ನಿಧಾನದ ಗುಂಪಿಗೆ ಸೇರುತ್ತಿತ್ತು. ತೂಕ ಬದಲಾಗಿಲ್ಲ, ಉಂಗುರ ತುಂಡಾಗಿಲ್ಲ. ಹಾಗಾದರೆ ಬದಲಾದದ್ದು ಆಕಾರ. 1965ರಲ್ಲಿ ವಿನೊಗ್ರಾಡ್ ಮತ್ತು ಸಂಗಡಿಗರು ಇದಕ್ಕೆ ಕಾರಣ ಕೊಟ್ಟರು: ಮುಚ್ಚಿದ ಉಂಗುರ ತನ್ನ ಮೇಲೆ ತಾನೇ ಸುತ್ತಿಕೊಂಡು ಮುದುಡಿದೆ. ಒಂದು ಎಳೆ ಕಡಿದರೆ ಅದು ಗಿರ್ರನೆ ತಿರುಗಿ ಸಡಿಲಗೊಳ್ಳುತ್ತದೆ. ಇದೇ ಅತಿಸುರುಳಿ, ಅಂದರೆ ಸೂಪರ್‌ಕಾಯಿಲಿಂಗ್.

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಎರಡೂ ತುದಿ ಬಿಗಿಹಿಡಿದು ಹುರಿ ಹೆಚ್ಚು ಮಾಡಿದರೂ, ಇರುವ ಹುರಿ ಬಿಚ್ಚಿದರೂ ಹಗ್ಗ ಸುಮ್ಮನಿರದೆ ಮಡಿಚಿಕೊಂಡು ಗಂಟುಗಂಟಾಗುತ್ತದೆ. ತುದಿ ಬಿಟ್ಟರೆ ಸರಿಹೋಗುತ್ತದೆ. ಡಿಎನ್‌ಎ ಉಂಗುರಕ್ಕೆ ಬಿಡಲು ತುದಿಯೇ ಇಲ್ಲ.

ಇದನ್ನು ಲೆಕ್ಕದಲ್ಲೂ ನೋಡಬಹುದು. ಬ್ಯಾಕ್ಟೀರಿಯಾದಲ್ಲಿ ವರ್ಣತಂತುವಿನ ಹೊರಗಿರುವ ಪುಟ್ಟ ಡಿಎನ್‌ಎ ಉಂಗುರವೇ ಪ್ಲಾಸ್ಮಿಡ್. ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿದ್ದ ಪಿಬಿಆರ್322 ಪ್ಲಾಸ್ಮಿಡ್‌ನಲ್ಲಿ 4,361 ಬೇಸ್ ಜೋಡಿಗಳಿವೆ. ಡಿಎನ್‌ಎಯ ಎರಡು ಎಳೆಗಳು ಸುಮಾರು 10.5 ಜೋಡಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಆದ್ದರಿಂದ ಆರಾಮವಾಗಿರುವ ಉಂಗುರದಲ್ಲಿ ಸುಮಾರು 415 ಸುತ್ತು. ಬ್ಯಾಕ್ಟೀರಿಯಾದಿಂದ ತೆಗೆದ ಪ್ಲಾಸ್ಮಿಡ್‌ನಲ್ಲಿ ಇರುವುದು ಅದಕ್ಕಿಂತ ಶೇಕಡಾ 6ರಷ್ಟು, ಅಂದರೆ ಸುಮಾರು 25 ಸುತ್ತು ಕಡಿಮೆ. ಸುತ್ತು ಕಡಿಮೆಯಾದ ಈ ಸ್ಥಿತಿಗೆ ಋಣ ಅತಿಸುರುಳಿ ಎಂದು ಹೆಸರು. ಇಂಥ ಡಿಎನ್‌ಎಯಲ್ಲಿ ಎರಡು ಎಳೆಗಳು ಬಿಚ್ಚಿಕೊಳ್ಳಲು ತುದಿಗಾಲಲ್ಲಿ ನಿಂತಿರುತ್ತವೆ. ಜೀನನ್ನು ಓದಲು ಎಳೆಗಳು ಬಿಚ್ಚಿಕೊಳ್ಳಲೇಬೇಕು. ತಿರುಚಿಗೂ ಜೀನಿನ ಅಭಿವ್ಯಕ್ತಿಗೂ ನಂಟು ಹುಟ್ಟುವುದು ಇಲ್ಲಿಂದ.

ಈ ಸುತ್ತುಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ವಾಲ್ಟರ್ ಕೆಲ್ಲರ್, 1975ರಲ್ಲಿ. ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹರಿಸಿ ಡಿಎನ್‌ಎ ಓಡಿಸಿದಾಗ ಹೆಚ್ಚು ಮುದುಡಿದ ಉಂಗುರ ಮುಂದೆ ಹೋಗುತ್ತದೆ, ಸಡಿಲವಾದದ್ದು ಹಿಂದೆ ಉಳಿಯುತ್ತದೆ. ಮುಖ್ಯವಾದ ಸಂಗತಿ ಎಂದರೆ ಜೆಲ್ ಮೇಲೆ ಒಂದರ ಕೆಳಗೊಂದು ಬಿಡಿಬಿಡಿ ಪಟ್ಟಿಗಳು ಮೂಡುತ್ತವೆ, ನಡುವೆ ಏನೂ ಇರುವುದಿಲ್ಲ. ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ಸರಿಯಾಗಿ ಒಂದು ಸುತ್ತು. ಮುಚ್ಚಿದ ಉಂಗುರದಲ್ಲಿ ಅರ್ಧ ಸುತ್ತು, ಕಾಲು ಸುತ್ತು ಎಂಬುದಿಲ್ಲ. ಎರಡು ಎಳೆಗಳು ಎಷ್ಟು ಬಾರಿ ಕೊಂಡಿ ಹಾಕಿಕೊಂಡಿವೆ ಎಂದು ಹೇಳುವ ಲಿಂಕಿಂಗ್ ಸಂಖ್ಯೆ ಯಾವಾಗಲೂ ಪೂರ್ಣಾಂಕ.

ಈ ಪಟ್ಟಿಗಳ ಜಾಡಿನಲ್ಲಿ ಹೋದಾಗ ಬೆಂಗಳೂರು ಸಿಕ್ಕಿತು. 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಪಟ್ಟಾಭಿರಾಮನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಡಿಎನ್‌ಎಗೆ ಬೇರೊಂದು ವಿನ್ಯಾಸ ಸೂಚಿಸಿದರು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಅವರ ಗುಂಪೂ ಸ್ವತಂತ್ರವಾಗಿ ಇಂಥದ್ದನ್ನೇ ಸೂಚಿಸಿತ್ತು. ಎರಡು ಎಳೆಗಳು ಒಂದನ್ನೊಂದು ಸುತ್ತುವುದಿಲ್ಲ, ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಬಳುಕುತ್ತ ಅಕ್ಕಪಕ್ಕ ಸಾಗುತ್ತವೆ ಎಂಬುದು ಅದರ ತಿರುಳು. ಹಾಗಿದ್ದರೆ ಎಳೆ ಬಿಡಿಸುವ ತೊಡಕೇ ಇರುವುದಿಲ್ಲ. ಪ್ರಶ್ನೆ ಪ್ರಾಮಾಣಿಕವಾದದ್ದು. ಅಷ್ಟೊಂದು ಸುತ್ತಿಕೊಂಡ ಎಳೆಗಳನ್ನು ಜೀವಕೋಶ ಬಿಡಿಸುವುದು ಹೇಗೆ ಎಂಬ ಚಿಂತೆ ಆಗ ಎಲ್ಲರಿಗೂ ಇತ್ತು. 1979ರಲ್ಲಿ ಫ್ರಾನ್ಸಿಸ್ ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬಾಯರ್ ಸೇರಿ ಇದಕ್ಕೆ ಉತ್ತರ ಬರೆದಾಗ ಲಿಂಕಿಂಗ್ ಸಂಖ್ಯೆಯ ಅಳತೆಗಳನ್ನೇ ಮುಖ್ಯ ಆಧಾರವಾಗಿಟ್ಟರು. ಎಳೆಗಳು ನಿಜವಾಗಿಯೂ ಸುತ್ತಿಕೊಂಡಿವೆ ಎಂಬುದು ದೃಢವಾಯಿತು. ಬೆಂಗಳೂರಿನಿಂದಲೂ ನ್ಯೂಜಿಲೆಂಡಿನಿಂದಲೂ ಎದ್ದ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದರಿಂದಲೇ ಆ ಪುರಾವೆ ಅಷ್ಟು ಅಚ್ಚುಕಟ್ಟಾಗಿ ಒಂದೆಡೆ ಸೇರಿತು.

ಕತ್ತರಿಸಿ ಕೂಡಿಸುವ ಕಿಣ್ವಗಳು

ಎಳೆ ಬಿಡಿಸುವ ಚಿಂತೆಗೆ ಪರಿಹಾರ ಅಷ್ಟರಲ್ಲಾಗಲೇ ಸಿಕ್ಕಿತ್ತು. 1971ರಲ್ಲಿ ಬರ್ಕ್ಲಿಯಲ್ಲಿದ್ದ ಜೇಮ್ಸ್ ವಾಂಗ್ ಇ. ಕೋಲೈ ಬ್ಯಾಕ್ಟೀರಿಯಾದಿಂದ ಒಂದು ಪ್ರೋಟೀನು ಬೇರ್ಪಡಿಸಿದರು. ಅದು ಋಣ ಅತಿಸುರುಳಿಯ ಉಂಗುರವನ್ನು ಸಡಿಲಗೊಳಿಸುತ್ತಿತ್ತು. ಆದರೆ ಕೊನೆಯಲ್ಲಿ ನೋಡಿದರೆ ಎಲ್ಲೂ ಕತ್ತರಿಸಿದ ಗುರುತಿಲ್ಲ. ಅದು ಒಂದು ಎಳೆಯನ್ನು ಕಡಿದು, ಕಡಿದ ತುದಿಯನ್ನು ತಾನೇ ಹಿಡಿದಿಟ್ಟುಕೊಂಡು, ಇನ್ನೊಂದು ಎಳೆಯನ್ನು ಆ ಸಂದಿಯಲ್ಲಿ ಹಾಯಿಸಿ ಮತ್ತೆ ಬೆಸೆಯುತ್ತದೆ. ಒಂದು ಸಲಕ್ಕೆ ಒಂದು ಸುತ್ತಿನ ಬದಲಾವಣೆ. ಇವತ್ತು ಇದನ್ನು ಟೊಪೊಐಸೊಮರೇಸ್-1 ಎನ್ನುತ್ತೇವೆ.

ಎದುರು ದಿಕ್ಕಿನ ಕೆಲಸ ಮಾಡುವ ಕಿಣ್ವ ಸಿಕ್ಕಿದ್ದು 1976ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಅಲ್ಲಿ ಹುಡುಕುತ್ತಿದ್ದದ್ದೇ ಬೇರೆ. ಲ್ಯಾಂಬ್ಡಾ ಎಂಬ ವೈರಸ್ಸು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಹೇಗೆ ಸೇರಿಕೊಳ್ಳುತ್ತದೆ ಎಂಬುದನ್ನು ಹೊವರ್ಡ್ ನ್ಯಾಶ್ ಪ್ರನಾಳದಲ್ಲಿ ನಡೆಸಿ ನೋಡುತ್ತಿದ್ದರು. ಅತಿಸುರುಳಿಯ ಡಿಎನ್‌ಎ ಕೊಟ್ಟರೆ ಕ್ರಿಯೆ ನಡೆಯುತ್ತಿತ್ತು. ಸಡಿಲ ಡಿಎನ್‌ಎ ಕೊಟ್ಟರೆ ಜೀವಕೋಶದ ಸಾರವೂ ಎಟಿಪಿಯೂ ಬೇಕಾಗುತ್ತಿತ್ತು. ಸಾರದಲ್ಲಿರುವ ಯಾವುದೋ ಒಂದು ವಸ್ತು ಎಟಿಪಿಯ ಶಕ್ತಿ ಬಳಸಿ ಸಡಿಲ ಡಿಎನ್‌ಎಯನ್ನು ತಿರುಚುತ್ತಿದೆ ಎಂದಾಯಿತು. ಮಾರ್ಟಿನ್ ಗೆಲ್ಲರ್ಟ್, ಕಿಯೋಶಿ ಮಿಜುಉಚಿ, ಮೇರಿ ಓಡೀ ಮತ್ತು ನ್ಯಾಶ್ ಆ ಕಿಣ್ವವನ್ನು ಹಿಡಿದು ಡಿಎನ್‌ಎ ಗೈರೇಸ್ ಎಂದು ಹೆಸರಿಟ್ಟರು. ಇದು ಎರಡೂ ಎಳೆಗಳನ್ನು ಒಟ್ಟಿಗೆ ಕಡಿದು, ಡಿಎನ್‌ಎಯ ಇನ್ನೊಂದು ಭಾಗವನ್ನು ಆ ಬಾಗಿಲಿನಲ್ಲಿ ದಾಟಿಸಿ ಮುಚ್ಚುತ್ತದೆ. ಒಂದು ಸಲಕ್ಕೆ ಎರಡು ಸುತ್ತಿನ ಬದಲಾವಣೆ.

1977ರಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ಮಲೇರಿಯಾ ಔಷಧಿ ಕ್ಲೊರೊಕ್ವಿನ್ ತಯಾರಿಕೆಯ ಉಪಉತ್ಪನ್ನವೊಂದರ ಜಾಡಿನಲ್ಲಿ 1962ರಲ್ಲಿ ಸಿಕ್ಕಿದ್ದ ನಾಲಿಡಿಕ್ಸಿಕ್ ಆಮ್ಲ ಮೂತ್ರನಾಳದ ಸೋಂಕಿಗೆ ಬಳಕೆಯಲ್ಲಿತ್ತು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಗೈರೇಸನ್ನು ಹಿಡಿದು ಎಂದು ಎರಡು ಪ್ರಯೋಗಾಲಯಗಳು ತೋರಿಸಿದವು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಸಿಪ್ರೊಫ್ಲಾಕ್ಸಾಸಿನ್ ಇದೇ ಮನೆತನದ್ದು.

ಕಡತಗಳು ಸೇರಿದ ವರ್ಷ

1981ರಲ್ಲಿ ಲ್ಯೂ-500ರ ಕಡತಕ್ಕೂ ಈ ಕಿಣ್ವಗಳ ಕಡತಕ್ಕೂ ಕೊನೆಗೆ ಸಂಬಂಧ ಕೂಡಿತು. ಸಪ್-ಎಕ್ಸ್ ಕೆಟ್ಟ ಬ್ಯಾಕ್ಟೀರಿಯಾದಲ್ಲಿ ಟೊಪೊಐಸೊಮರೇಸ್-1ರ ಚಟುವಟಿಕೆಯೇ ಇಲ್ಲ ಎಂದು ಆ ವರ್ಷ ಪ್ರಕಟವಾದ ಲೇಖನಗಳು ತೋರಿಸಿದವು. ರಾಲ್ಫ್ ಸ್ಟರ್ನ್‌ಗ್ಲಾನ್ಜ್ ಅವರ ಗುಂಪು ಟೊಪೊಐಸೊಮರೇಸ್-1ರ ಜೀನಿನ ಮ್ಯುಟೇಶನ್ ಪ್ರತಿಲೇಖನದ, ಅಂದರೆ ಜೀನನ್ನು ಆರ್‌ಎನ್‌ಎಯಾಗಿ ನಕಲಿಸುವ ಕ್ರಿಯೆಯ, ಮೇಲೆ ಪರಿಣಾಮ ಮಾಡುತ್ತದೆ ಎಂದು ತನ್ನ ಲೇಖನದ ಶೀರ್ಷಿಕೆಯಲ್ಲೇ ಹೇಳಿತು. 1985ರಲ್ಲಿ ಸಪ್-ಎಕ್ಸ್ ಎಂದರೆ ಟೊಪೊಐಸೊಮರೇಸ್-1ರ ಜೀನಾದ ಟಾಪ್-ಎ ಎಂದು ಖಚಿತಪಡಿಸಿದ ಲೇಖನ ಬಂತು. ಅದರ ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಮಾರ್ಗೋಲಿನ್, ಕೊನೆಯದು ವಾಂಗ್. 1963ರಲ್ಲಿ ಪ್ರಶ್ನೆ ಎತ್ತಿದವರೂ 1971ರಲ್ಲಿ ಕಿಣ್ವ ಕಂಡವರೂ ಒಂದೇ ಪುಟದ ಮೇಲೆ ಸೇರಿದ್ದರು. ಈ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪುಟ ಅದು.

ಇದರ ನಡುವೆ, 1984ರಲ್ಲಿ, ಜೋಸೆಫ್ ಕ್ಯಾಲ್ವೊ ಅವರ ಗುಂಪು ಲ್ಯೂ-500ರ ಅಕ್ಷರಗಳನ್ನೇ ಓದಿತ್ತು. ಬದಲಾಗಿದ್ದು ಒಂದೇ ಅಕ್ಷರ: ‘ಎ’ ಇದ್ದಲ್ಲಿ ‘ಜಿ’. ಆದರೆ ಬಿದ್ದ ಜಾಗ ಸೂಕ್ಷ್ಮವಾದದ್ದು. ಜೀನನ್ನು ಓದುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್ ಬಂದು ಕುಳಿತು ಎಳೆ ಬಿಡಿಸಲು ತೊಡಗುವ ಪ್ರೊಮೋಟರ್‌ನ ನಟ್ಟನಡುವೆ ಅದು ಆಗಿತ್ತು. ಎ-ಟಿ ಜೋಡಿಯನ್ನು ಹಿಡಿದಿಡುವುದು ಎರಡು ಹೈಡ್ರೋಜನ್ ಬಂಧ, ಜಿ-ಸಿ ಜೋಡಿಯನ್ನು ಮೂರು. ಬಾಗಿಲು ಸ್ವಲ್ಪ ಬಿಗಿಯಾಯಿತು, ಅಷ್ಟಕ್ಕೇ ಒಳಗಿನ ನಾಲ್ಕೂ ಜೀನುಗಳ ಕೆಲಸ ನಿಂತಿತು. ಟೊಪೊಐಸೊಮರೇಸ್-1 ಇಲ್ಲವಾದರೆ ಋಣ ಅತಿಸುರುಳಿ ಹೆಚ್ಚುತ್ತದೆ, ಎಳೆ ಬಿಚ್ಚುವುದು ಸುಲಭವಾಗುತ್ತದೆ, ಬಿಗಿದ ಬಾಗಿಲು ತೆರೆಯುತ್ತದೆ. 1963ರ ಒಗಟು ಬಿಡಿಸಿದಂತಾಯಿತೆಂದೇ ತೋರುತ್ತಿತ್ತು.

ಸರಾಸರಿ ಸುಳ್ಳು ಹೇಳಿದಾಗ

ಆದರೆ ಮುಂದಿನ ಲೇಖನಗಳು ಈ ಸರಳ ವಿವರಣೆಯನ್ನು ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರಿಚರ್ಡ್‌ಸನ್, ಕ್ರಿಸ್ ಹಿಗಿನ್ಸ್ ಮತ್ತು ಡೇವಿಡ್ ಲಿಲಿ ಬೇರೆ ಬೇರೆ ಮಟ್ಟದ ಅತಿಸುರುಳಿ ಇರುವ ಸಾಲ್ಮೊನೆಲ್ಲಾ ತಳಿಗಳನ್ನು ಹೋಲಿಸಿದರು. 1988ರ ಅವರ ಲೇಖನದ ಪ್ರಕಾರ ಜೀವಕೋಶದ ಒಟ್ಟಾರೆ ಅತಿಸುರುಳಿಯ ಮಟ್ಟಕ್ಕೂ ಲ್ಯೂ-500ರ ಚಟುವಟಿಕೆಗೂ ನೇರ ತಾಳೆ ಬೀಳಲಿಲ್ಲ. ಇದೇ ಪ್ರೊಮೋಟರನ್ನು ಪ್ಲಾಸ್ಮಿಡ್‌ನಲ್ಲಿಟ್ಟರೆ, ಟಾಪ್-ಎ ಇಲ್ಲದ ಜೀವಕೋಶದಲ್ಲೂ ಅದು ಏಳುತ್ತಿರಲಿಲ್ಲ. ಜೀನು ಅದೇ, ಜೀವಕೋಶ ಅದೇ, ವಾಸಸ್ಥಳ ಮಾತ್ರ ಬೇರೆ.

ಈ ತೊಡಕು ಬಿಡಿಸುವ ದಾರಿ ಇನ್ನೊಂದು ಕಡತದಲ್ಲಿತ್ತು. 1983ರಲ್ಲಿ ಲಾಕ್‌ಶನ್ ಮತ್ತು ಮಾರಿಸ್, ಗೈರೇಸನ್ನು ಔಷಧಿಯಿಂದ ತಡೆದ ಇ. ಕೋಲೈ ಒಳಗಿನ ಪಿಬಿಆರ್322 ಪ್ಲಾಸ್ಮಿಡ್ ಸಡಿಲವಾಗುವ ಬದಲು ಎದುರು ದಿಕ್ಕಿಗೆ, ಧನ ದಿಕ್ಕಿಗೆ, ತಿರುಚಿಕೊಂಡದ್ದನ್ನು ಕಂಡಿದ್ದರು. 1986ರಲ್ಲಿ ಗೇಲ್ ಪ್ರಸ್ ಮತ್ತು ಕಾರ್ಲ್ ಡ್ರ್ಲಿಕಾ, ಟೊಪೊಐಸೊಮರೇಸ್-1 ಇಲ್ಲದ ಜೀವಕೋಶದಲ್ಲಿ ಅದೇ ಪ್ಲಾಸ್ಮಿಡ್ ವಿಪರೀತ ಋಣ ತಿರುಚು ಪಡೆಯುವುದನ್ನು ಕಂಡರು. ಪ್ಲಾಸ್ಮಿಡ್‌ನಲ್ಲಿದ್ದ, ಟೆಟ್ರಾಸೈಕ್ಲಿನ್ ನಿರೋಧ ಕೊಡುವ ಜೀನು ಕೆಲಸ ಮಾಡುತ್ತಿದ್ದರಷ್ಟೇ ಹೀಗಾಗುತ್ತಿತ್ತು. ಜೀನನ್ನು ಓದುವ ಕ್ರಿಯೆಯೇ ಡಿಎನ್‌ಎಯನ್ನು ತಿರುಚುತ್ತಿದೆ ಎಂದಂತಾಯಿತು.

1987ರಲ್ಲಿ ಲೆರಾಯ್ ಲಿಯು ಮತ್ತು ಜೇಮ್ಸ್ ವಾಂಗ್ ಈ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದರು. ಪಾಲಿಮರೇಸ್ ಡಿಎನ್‌ಎಯ ಸುರುಳಿ ಹಿಡಿದು ಮುಂದೆ ಸಾಗಬೇಕಾದರೆ ಪ್ರತಿ 10.5 ಜೋಡಿಗೊಮ್ಮೆ ಅದರ ಸುತ್ತ ಒಂದು ಸುತ್ತು ಹಾಕಬೇಕು. ಇ. ಕೋಲೈಯಲ್ಲಿ ಅದು ಸೆಕೆಂಡಿಗೆ ಸುಮಾರು 40–50 ಅಕ್ಷರ ಓದುತ್ತದೆ, ಅಂದರೆ ಸೆಕೆಂಡಿಗೆ ನಾಲ್ಕೈದು ಸುತ್ತು. ಆದರೆ ಅದರ ಬೆನ್ನಿಗೆ ಉದ್ದನೆಯ ಆರ್‌ಎನ್‌ಎ, ಆ ಆರ್‌ಎನ್‌ಎಗೆ ಅಂಟಿದ ರೈಬೊಸೋಮುಗಳು, ಅವುಗಳಿಂದ ಹೊರಬರುತ್ತಿರುವ ಪ್ರೋಟೀನು. ಇಷ್ಟನ್ನೆಲ್ಲ ಹೊತ್ತು ಗಿರಿಗಿರಿ ತಿರುಗುವುದು ಕಷ್ಟ. ಪಾಲಿಮರೇಸ್ ತಿರುಗದಿದ್ದರೆ ಡಿಎನ್‌ಎಯೇ ತಿರುಗಬೇಕು. ಆಗ ಮುಂದೆ ಸುತ್ತು ಹೆಚ್ಚಿ ಧನ ಅತಿಸುರುಳಿಯೂ ಹಿಂದೆ ಸುತ್ತು ಕಡಿಮೆಯಾಗಿ ಋಣ ಅತಿಸುರುಳಿಯೂ ಹುಟ್ಟುತ್ತವೆ. ಗೈರೇಸ್ ಮುಂದಿನದನ್ನು ತೆಗೆಯುತ್ತದೆ, ಟೊಪೊಐಸೊಮರೇಸ್-1 ಹಿಂದಿನದನ್ನು. ಒಂದು ಕಿಣ್ವವನ್ನು ಕಿತ್ತುಹಾಕಿದರೆ ಅದು ತೆಗೆಯಬೇಕಿದ್ದ ಬಗೆಯ ತಿರುಚು ಶೇಖರಗೊಳ್ಳುತ್ತದೆ. 1983ರ ಧನ ಪ್ಲಾಸ್ಮಿಡ್‌ಗೂ 1986ರ ಋಣ ಪ್ಲಾಸ್ಮಿಡ್‌ಗೂ ಒಂದೇ ಕಾರಣ ಸಿಕ್ಕಿತು.

ಹಾಗಾದರೆ ಲ್ಯೂ-500ಕ್ಕೆ ಬೇಕಾದದ್ದು ಇಡೀ ಜೀವಕೋಶದ ಸರಾಸರಿಯಲ್ಲ, ಪಕ್ಕದ ಜೀನು ಓಡುವಾಗ ಹಿಂದೆ ಬಿಡುವ ತಿರುಚು. 1992ರಲ್ಲಿ ಲಿಲಿ ಅವರ ಗುಂಪು ಇದನ್ನು ಪರೀಕ್ಷಿಸಿತು. ಪ್ಲಾಸ್ಮಿಡ್‌ನಲ್ಲಿ ಲ್ಯೂ-500ರ ಬೆನ್ನಿಗೆ ಟೆಟ್ರಾಸೈಕ್ಲಿನ್ ಜೀನನ್ನು ಎದುರು ದಿಕ್ಕಿಗೆ ಮುಖಮಾಡಿ ಇಟ್ಟು ಓಡಿಸಿದಾಗ, ಟಾಪ್-ಎ ಇಲ್ಲದ ಜೀವಕೋಶದಲ್ಲಿ ಲ್ಯೂ-500 ಎದ್ದಿತು. ಆ ಜೀನು ಬರೀ ಆರ್‌ಎನ್‌ಎ ಆದರೆ ಸಾಲದು, ಪ್ರೋಟೀನೂ ಆಗಬೇಕಿತ್ತು. ಟೆಟ್ರಾಸೈಕ್ಲಿನ್ ನಿರೋಧದ ಪ್ರೋಟೀನು ತಯಾರಾಗುತ್ತಿರುವಾಗಲೇ ಜೀವಕೋಶದ ಪೊರೆಗೆ ನೆಟ್ಟುಕೊಳ್ಳುತ್ತದೆ. ಆಗ ಪಾಲಿಮರೇಸ್ ಪೊರೆಗೆ ಕಟ್ಟಿಹಾಕಿದಂತಾಗಿ ತಿರುಗಲಾರದು, ತಿರುಚೆಲ್ಲ ಡಿಎನ್‌ಎಗೇ ಬೀಳುತ್ತದೆ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ವರ್ಣತಂತುವಿನಲ್ಲಿ, ತನ್ನ ಸ್ವಂತ ಜಾಗದಲ್ಲಿ, ಲ್ಯೂ-500ರ ನೆರೆಯವರು ಯಾರು? 1995ರಲ್ಲಿ ಹೈ-ಯಂಗ್ ವು ಅವರ ಗುಂಪು ‘ಸೆಲ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು. ಸುಮಾರು ಎರಡು ಸಾವಿರ ಬೇಸ್ ಜೋಡಿಗಳಾಚೆ ಇಲ್ವ್-ಐಎಚ್ ಎಂಬ ಜೀನುಗಳ ಪ್ರೊಮೋಟರ್ ಇದೆ. ಅಲ್ಲಿನ ಪಾಲಿಮರೇಸ್ ಲ್ಯೂ-500ರಿಂದ ದೂರ ಓಡುತ್ತದೆ, ಬೆನ್ನ ಹಿಂದೆ ಋಣ ಅತಿಸುರುಳಿ ಬಿಟ್ಟುಹೋಗುತ್ತದೆ. ಆ ಪ್ರೊಮೋಟರನ್ನು ಕೆಡಿಸಿದರೆ ಲ್ಯೂ-500 ಏಳುವುದಿಲ್ಲ. ಎರಡರ ನಡುವೆ ಇರುವ ಲ್ಯೂ-ಓ ಎಂಬ ಜೀನು ಮೊದಲು ಎಚ್ಚೆತ್ತು, ಅದು ಓಡುವಾಗ ಹುಟ್ಟುವ ತಿರುಚು ಮುಂದಿನದನ್ನು ಎಬ್ಬಿಸುತ್ತದೆ ಎಂದು 1998ರಲ್ಲಿ ಫಾಂಗ್ ಮತ್ತು ವು ವಿವರಿಸಿದರು. ಒಂದು ಪ್ರೊಮೋಟರ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸುತ್ತದೆ.

1963ರ ಲೇಖನದಿಂದ ಇಲ್ಲಿಗೆ ಮೂವತ್ತಕ್ಕೂ ಹೆಚ್ಚು ವರ್ಷ. ಈ ಕಡತ ಹೇಳುವುದು ಇಷ್ಟು: ಜೀನು ಯಾವಾಗ ಕೆಲಸ ಮಾಡಬೇಕೆಂಬುದು ಅದರ ಅಕ್ಷರಗಳಲ್ಲಿ, ಅದಕ್ಕೆ ಅಂಟುವ ಪ್ರೋಟೀನುಗಳಲ್ಲಿ ಮಾತ್ರ ಬರೆದಿಲ್ಲ. ಅದರ ನೆರೆಹೊರೆಯಲ್ಲಿ ಏನು ನಡೆಯುತ್ತಿದೆ ಎಂಬುದೂ ತಿರುಚಿನ ಮೂಲಕ ಅದಕ್ಕೆ ತಲುಪುತ್ತದೆ. ಆ ಸುದ್ದಿ ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಟೊಪೊಐಸೊಮರೇಸ್‌ಗಳ ಕೈ ಇದೆ.

ಈ ಕಡತದ ಆಚೆ

ಇದು ಒಂದು ಮ್ಯುಟೇಶನ್ನಿನ ವಿಶೇಷವಲ್ಲ. 1983ರಲ್ಲೇ ಮೆಂಜೆಲ್ ಮತ್ತು ಗೆಲ್ಲರ್ಟ್, ಡಿಎನ್‌ಎ ಸಡಿಲವಾದರೆ ಗೈರೇಸ್ ಜೀನುಗಳೇ ಚುರುಕಾಗಿ ತಿರುಚನ್ನು ಮರಳಿ ಸಮತೋಲಕ್ಕೆ ತರುತ್ತವೆ ಎಂದು ತೋರಿಸಿದ್ದರು. 1988ರಲ್ಲಿ ಹಿಗಿನ್ಸ್ ಮತ್ತು ಸಂಗಡಿಗರು, ಸುತ್ತಲಿನ ಉಪ್ಪಿನಂಶ ಏರಿದಾಗ ಅತಿಸುರುಳಿ ಬದಲಾಗುವುದನ್ನೂ ಆ ಒತ್ತಡವನ್ನು ನಿಭಾಯಿಸುವ ಜೀನಿನ ನಿಯಂತ್ರಣದಲ್ಲಿ ಅದಕ್ಕೆ ಪಾತ್ರವಿರುವುದನ್ನೂ ಕಂಡರು. 2004ರಲ್ಲಿ ಇ. ಕೋಲೈಯ ಎಲ್ಲ ಜೀನುಗಳನ್ನೂ ಒಟ್ಟಿಗೆ ಅಳೆದಾಗ 306 ಜೀನುಗಳು, ಅಂದರೆ ಶೇಕಡಾ 7ರಷ್ಟು, ಅತಿಸುರುಳಿ ಸಡಿಲವಾದರೆ ತಮ್ಮ ಮಟ್ಟ ಬದಲಿಸುತ್ತವೆ ಎಂದು ಗೊತ್ತಾಯಿತು. ರಿಚರ್ಡ್ ಲೆನ್ಸ್ಕಿ 1988ರಿಂದ ಬೆಳೆಸುತ್ತ ಬಂದ ಹನ್ನೆರಡು ಇ. ಕೋಲೈ ಸಂತತಿಗಳಲ್ಲಿ ಹತ್ತರ ಅತಿಸುರುಳಿ 20,000 ಪೀಳಿಗೆಗಳಲ್ಲಿ ಬದಲಾಗಿತ್ತು. ವಿಕಾಸ ಕೂಡ ಈ ತಿರುಚನ್ನೇ ಹಿಡಿದು ಜೀನುಗಳ ಚಟುವಟಿಕೆಯನ್ನು ತಿದ್ದುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ಗುಂಪು ಇದೇ ಪ್ರಶ್ನೆಯನ್ನು ಕ್ಷಯದ ಬ್ಯಾಕ್ಟೀರಿಯಾ ಮತ್ತು ಅದರ ಬಂಧುಗಳಲ್ಲಿ ಹಿಡಿದು ನಡೆದಿದೆ. ಡಿಎನ್‌ಎ ಸಡಿಲಗೊಂಡಾಗ ಗೈರೇಸ್ ಜೀನುಗಳು ಚುರುಕಾಗುವುದು ಅಲ್ಲಿಯೂ ಉಂಟು, ಆದರೆ ವಿಧಾನ ಇ. ಕೋಲೈಯದ್ದಲ್ಲ ಎಂದು ಅವರು 1999ರಲ್ಲಿ ತೋರಿಸಿದರು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಟೊಪೊಐಸೊಮರೇಸ್-1ರ ಬಗೆಯದ್ದು ಒಂದೇ, ಗೈರೇಸ್ ಬಗೆಯದ್ದೂ ಒಂದೇ. ಬದಲಿ ವ್ಯವಸ್ಥೆ ಇಲ್ಲ. ಟೊಪೊಐಸೊಮರೇಸ್-1 ಇಲ್ಲದೆ ಅದು ಬದುಕಲಾರದು ಎಂದು 2014ರಲ್ಲೂ, ಪ್ರತಿಲೇಖನ ನಡೆಯುವ ಜಾಗಗಳಿಗೆ ಎರಡೂ ಕಿಣ್ವಗಳು ಬಂದು ಸೇರುತ್ತವೆ ಎಂದು 2017ರಲ್ಲೂ ಇದೇ ಗುಂಪು ಪ್ರಕಟಿಸಿತು. ಹೊಸ ಕ್ಷಯ ಔಷಧಿ ಹುಡುಕುವವರಿಗೆ ಇದು ಗಟ್ಟಿಯಾದ ಸುಳಿವು.

ಮನುಷ್ಯನ ಜೀವಕೋಶದಲ್ಲೂ ಈ ಮಾತು ನಿಜ. 2013ರಲ್ಲಿ ಟೊಪೊಟೆಕಾನ್ ಎಂಬ ಔಷಧಿಯಿಂದ ನರಕೋಶಗಳ ಟೊಪೊಐಸೊಮರೇಸ್-1 ಅನ್ನು ತಡೆದಾಗ ಬಹಳ ಉದ್ದದ ಜೀನುಗಳ ಅಭಿವ್ಯಕ್ತಿ ಕುಸಿಯಿತು. ಅವುಗಳಲ್ಲಿ ಆಟಿಸಂ ಜೊತೆ ನಂಟಿರುವ ಜೀನುಗಳೂ ಇದ್ದವು. ಉದ್ದ ಹೆಚ್ಚಿದಷ್ಟೂ ತೆಗೆಯಬೇಕಾದ ತಿರುಚು ಹೆಚ್ಚು. ಟೊಪೊಟೆಕಾನ್ ಬಂದದ್ದು ಕ್ಯಾಂಪ್ಟೊಥೆಸಿನ್ ಎಂಬ ಸಸ್ಯಜನ್ಯ ರಾಸಾಯನಿಕದಿಂದ. ಅದರ ಗುರಿ ಟೊಪೊಐಸೊಮರೇಸ್-1 ಎಂದು 1985ರಲ್ಲಿ ಗುರುತಿಸಿದ್ದು ಅದೇ ಲೆರಾಯ್ ಲಿಯು ಅವರ ಪ್ರಯೋಗಾಲಯ. ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಚೀನಾದ ಮರವೊಂದರಲ್ಲಿ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ನೊಥಪೊಡೈಟಿಸ್ ಮರದಲ್ಲಿ ಕಂಡರು.

ಈ ಲೇಖನಗಳನ್ನು ಒಟ್ಟಿಗೆ ಓದಿದ ಮೇಲೆ ನನಗೆ ಒಂದು ಮಾತು ಬಲವಾಗಿ ಅನಿಸುತ್ತದೆ. ಮುಕಾಯ್ ಮತ್ತು ಮಾರ್ಗೋಲಿನ್ ತಮಗೆ ಅರ್ಥವಾಗದ ಕಾಲೊನಿಗಳನ್ನು ಬದಿಗೆ ಸರಿಸಲಿಲ್ಲ, ಕಂಡದ್ದನ್ನು ಕಂಡಂತೆ ದಾಖಲಿಸಿದರು. ಲಾಕ್‌ಶನ್ ಮತ್ತು ಮಾರಿಸ್ ಕೂಡ ಎದುರು ದಿಕ್ಕಿಗೆ ತಿರುಗಿದ ಪ್ಲಾಸ್ಮಿಡ್ಡನ್ನು ಪ್ರಯೋಗದ ದೋಷವೆಂದು ತಳ್ಳಿಹಾಕಲಿಲ್ಲ. ಹಾಗೆ ಮಾಡಿದ್ದರೆ 1987ರ ಚಿತ್ರಕ್ಕೆ ಆಧಾರವೇ ಇರುತ್ತಿರಲಿಲ್ಲ. ಇಂದು ಇಡೀ ಜೀನೋಮನ್ನು ದಿನಗಳಲ್ಲಿ ಓದಿಬಿಡುತ್ತೇವೆ, ಒಂದು ಜೀನನ್ನು ಕತ್ತರಿಸಿ ಇನ್ನೊಂದೆಡೆ ನೆಡುತ್ತೇವೆ. ನೆಟ್ಟ ಜೀನು ನಿರೀಕ್ಷಿಸಿದಂತೆ ನಡೆಯದಿದ್ದರೆ ಅದರ ಅಕ್ಷರಗಳನ್ನು ಮತ್ತೊಮ್ಮೆ ಪರಿಶೀಲಿಸುವುದರ ಜೊತೆಗೆ ಪಕ್ಕದಲ್ಲಿ ಯಾರಿದ್ದಾರೆ, ಅವರು ಯಾವ ದಿಕ್ಕಿಗೆ ಓಡುತ್ತಿದ್ದಾರೆ, ಅವರು ಬಿಟ್ಟುಹೋದ ತಿರುಚನ್ನು ಯಾವ ಕಿಣ್ವ ತೆಗೆಯುತ್ತಿದೆ ಎಂದೂ ಕೇಳಲೇಬೇಕು. ಲ್ಯೂ-500ರ ಕಡತ ನಮ್ಮ ಕಾಲದ ವಿದ್ಯಾರ್ಥಿಗಳಿಗೆ ಕಲಿಸುವ ಪಾಠ ಇದೇ.